ಕಟ್ ಆದ ಮೇಲಿನ ನಗು

ಸಂಪಂಗಿ ಅರವತ್ತಮೂರು ಸಲ ಸತ್ತವನು.

ಎಪ್ಪತ್ತು ಸಿನಿಮಾದಲ್ಲಿ ಪಾರ್ಟು ಮಾಡಿದ್ದ. ಬಹುಪಾಲು ನಾಯಕನ ತಂದೆ. ನಾಯಕ ಸೇಡು ತೀರಿಸಿಕೊಳ್ಳಬೇಕಾದರೆ ಯಾರಾದರೂ ಸಾಯಬೇಕಲ್ಲ, ಆ ಯಾರಾದರೂ ಇವನೇ. ಚೂರಿ ತಿಂದು ಸತ್ತ, ಲಾರಿಗೆ ಸಿಕ್ಕಿ ಸತ್ತ, ಮಗಳ ಮದುವೆ ಮುರಿದಾಗ ಎದೆ ಹಿಡಿದುಕೊಂಡು ಸತ್ತ. ಮಧ್ಯಂತರ ದಾಟಿ ಬದುಕಿದ್ದು ಬೆರಳೆಣಿಕೆಯಷ್ಟು ಸಲ.

ಅವನಿಗೆ ಸಾಯುವುದನ್ನು ಕಲಿಸಿದವರು ಕಾಶೀಪತಿ ಮೇಷ್ಟ್ರು. ಹಿಂದೆ ನಾಟಕ ಕಂಪನಿಯಲ್ಲಿ ಅಭಿನಯ ಹೇಳಿಕೊಡುತ್ತಿದ್ದವರು. ಕಂಪನಿ ಮುಚ್ಚಿದ ಮೇಲೆ ಕಾವೇರಿ ದಂಡೆಯ ಹಳೇ ಮಂಟಪವೊಂದಕ್ಕೆ ಹೆಂಚು ಹೊದಿಸಿಕೊಂಡು ಅಲ್ಲೇ ಕೂತುಬಿಟ್ಟರು. ಮನಸ್ಸು ಸರಿಯಿಲ್ಲದವರು ಬಂದು ನಾಲ್ಕು ಮಾತಾಡಿಕೊಂಡು ಹೋಗುತ್ತಿದ್ದರು. ಜನ ಅದನ್ನು ಆಶ್ರಮ ಅನ್ನುತ್ತಿದ್ದರು. ಮೇಷ್ಟ್ರು ಮನೆ ಅನ್ನುತ್ತಿದ್ದರು.

ಆವತ್ತು ಬೆಳಿಗ್ಗೆ ಮೇಷ್ಟ್ರು ಜಗುಲಿಯ ಮೇಲೆ ಕೂತು, ನೆನೆಸಿದ ಅವರೆಕಾಳಿನ ಸಿಪ್ಪೆ ಹಿತುಕುತ್ತಿದ್ದರು. ಸಂಪಂಗಿ ಮೆಟ್ಟಿಲು ಹತ್ತಿ ಬಂದು ಕಾಲಿಗೆ ಬಿದ್ದ. ಎದ್ದವನು ಕ್ಷೇಮ ಸಮಾಚಾರವನ್ನೂ ಕೇಳಲಿಲ್ಲ.

“ಮೇಷ್ಟ್ರೇ, ನನಗೆ ಅಳೋದು ಕಲಿಸಿಕೊಡಿ.”

“ಈ ವಯಸ್ಸಲ್ಲಾ?”

“ನಾಡಿದ್ದರೊಳಗೆ ಬರಬೇಕು.”

ಮೇಷ್ಟ್ರು ಮೇಲಿಂದ ಕೆಳಗೆ ನೋಡಿದರು. ಗಡ್ಡ ಬೋಳಿಸಿರಲಿಲ್ಲ. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು.

“ಏನಾಯ್ತೋ?”

“ಅಶ್ವತ್ಥಮ್ಮ ಹೋಗಿಬಿಟ್ಟಳು ಮೇಷ್ಟ್ರೇ. ಇವತ್ತಿಗೆ ಒಂಬತ್ತು ದಿನ.”

ಮೇಷ್ಟ್ರ ಕೈ ನಿಂತಿತು. ಸಂಪಂಗಿಯನ್ನು ಮದುವೆಯಾದ ಹೊಸತರಲ್ಲಿ ಇದೇ ಜಗುಲಿಯಲ್ಲಿ ಅವರಿಗೆ ಅನ್ನ ಬಡಿಸಿ, ಇನ್ನೊಂದು ತುತ್ತು, ಇನ್ನೊಂದು ತುತ್ತು ಎಂದು ಜೀವ ತಿಂದಿದ್ದ ಹುಡುಗಿ ಅವಳು.

“ಅಸ್ಥಿ ಬಿಡೋಕೆ ಬಂದಿದ್ದೀವಿ. ಶಾಸ್ತ್ರಿಗಳು ಹನ್ನೊಂದು ಗಂಟೆ ಆಗಲಿ ಅಂದ್ರು. ಮಗಳು ಕೆಳಗೆ ಹೊಳೆ ಮೆಟ್ಟಿಲ ಮೇಲೆ ಕೂತಿದ್ದಾಳೆ.”

“ಅವಳನ್ನ ಯಾಕೆ ಒಬ್ಬಳೇ ಬಿಟ್ಟು ಬಂದೆ?”

“ಅವಳು ನನ್ನ ಮುಖ ನೋಡಲ್ಲ ಮೇಷ್ಟ್ರೇ.”

ಆಮೇಲೆ, ತಡವರಿಸಿಕೊಂಡು, ನಡೆದದ್ದನ್ನು ಹೇಳಿದ.

ಹೆಣ ಎತ್ತುವ ಮೊದಲು ಬಾಯಿಗೆ ಅಕ್ಕಿ ಹಾಕುವ ಹೊತ್ತು. ಮುಖದ ಮೇಲಿನ ಬಟ್ಟೆ ಸರಿಸಿ ಸಂಪಂಗಿ ಹೆಂಡತಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ನೋಡಿ ನಕ್ಕ. ತುಟಿಯಂಚಿನ ನಗುವಲ್ಲ, ಹಲ್ಲು ಕಾಣುವ ನಗು. ಅಲ್ಲಿದ್ದ ಯಾರೋ ಪುಣ್ಯಾತ್ಮರು ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡರು. ಸಂಜೆಯ ಹೊತ್ತಿಗೆ ಅದು ಊರೂರು ಸುತ್ತಿ, ಮಗಳು ಚಂದ್ರಿಕಾಳ ಮೊಬೈಲಿಗೂ ಬಂತು. ಹೆಂಡತಿ ಹೆಣದ ಮುಂದೆ ನಗುವ ಗಂಡ.

ಚಂದ್ರಿಕಾ ಕೂಗಾಡಲಿಲ್ಲ. “ಹನ್ನೊಂದನೇ ದಿನದ ಕಾರ್ಯ ಮುಗಿಸಿಕೊಂಡು ನಾನು ಹೊರಡ್ತೀನಿ. ಆಮೇಲೆ ನೀವು ಫೋನ್ ಮಾಡಬೇಡಿ, ನಾನೂ ಮಾಡಲ್ಲ,” ಅಂದಳು. ಅಷ್ಟೇ. ಅವನಿಗೆ ಇರುವವಳು ಅವಳೊಬ್ಬಳೇ.

“ಯಾಕೋ ನಕ್ಕೆ?” ಮೇಷ್ಟ್ರು ಕೇಳಿದರು.

“ಗೊತ್ತಿಲ್ಲ. ನಿಮ್ಮ ಪಾದದಾಣೆ ಗೊತ್ತಿಲ್ಲ ಮೇಷ್ಟ್ರೇ. ಮೂವತ್ತೈದು ವರ್ಷ ಜೊತೆಗಿದ್ದವಳು. ಕಣ್ಣಲ್ಲಿ ಒಂದು ಹನಿ ಬರಲಿಲ್ಲ, ನಗು ಬಂತು.” ಅವನ ದನಿ ಸಣ್ಣಗಾಯಿತು. “ನನಗೆ ಅವಳ ಮೇಲೆ ಪ್ರೀತೀನೇ ಇರಲಿಲ್ವೋ ಏನೋ.”

ಮೇಷ್ಟ್ರು ಮತ್ತೊಂದು ಕಾಳು ಎತ್ತಿಕೊಂಡರು.

“ಕಾರ್ಯದ ದಿನ ಎಲ್ಲರ ಮುಂದೆ ಒಂದ್ಸಲ ಅತ್ತುಬಿಟ್ಟರೆ ಮಗಳು ನಂಬಬಹುದು. ಆದ್ರೆ ನನಗೆ ಅಳೋದು ಬರಲ್ಲ. ಸಿನಿಮಾದಲ್ಲಿ ಯಾವಾಗ್ಲೂ ಸಾಯೋನು ನಾನು, ಅಳೋರು ಬೇರೆಯವರು. ಕಲಿಯೋಕೆ ಸಂದರ್ಭವೇ ಬರಲಿಲ್ಲ.”

ಮೇಷ್ಟ್ರು ಅವರೆಕಾಳಿನ ತಟ್ಟೆಯನ್ನು ಅವನ ಕಡೆ ತಳ್ಳಿದರು.

“ಹಿತುಕು.”

ಇಬ್ಬರೂ ಸ್ವಲ್ಪ ಹೊತ್ತು ಕಾಳು ಹಿತುಕಿದರು. ಸಂಪಂಗಿಯ ಕೈಯಿಂದ ಒಂದೆರಡು ಕಾಳು ಚಿಮ್ಮಿ ಅಂಗಳಕ್ಕೆ ಬಿದ್ದವು.

“ಮುಂದೆ ಯಾವುದಾದರೂ ಪಾರ್ಟು ಒಪ್ಪಿಕೊಂಡಿದ್ದೀಯಾ?”

“ಮುಂದಿನ ತಿಂಗಳು ಒಂದಿದೆ. ಆಗಲ್ಲ ಅಂತ ಹೇಳಿಬಿಡ್ತೀನಿ.”

“ಏನು ಪಾರ್ಟು?”

“ಇನ್ನೇನು ಮೇಷ್ಟ್ರೇ, ಸಾಯೋದೇ.”

“ಎಲ್ಲಿ, ಒಂದ್ಸಲ ಸತ್ತು ತೋರಿಸು. ನಾನು ಸಿನಿಮಾ ನೋಡೋನಲ್ಲ. ನೀನು ಸತ್ತಿದ್ದು ನೋಡಿ ನಲವತ್ತು ವರ್ಷದ ಮೇಲಾಯ್ತು.”

ಸಂಪಂಗಿಗೆ ಇದೇನು ಹೊತ್ತಲ್ಲದ ಹೊತ್ತಲ್ಲಿ ಅನ್ನಿಸಿತು. ಆದರೂ ಗುರುಗಳ ಮಾತು. ಎದ್ದು ನಿಂತ. ಎದೆ ಹಿಡಿದುಕೊಂಡ, ಕಂಬಕ್ಕೆ ಒರಗಿದ, ಜಾರಿ ಜಾರಿ ನೆಲಕ್ಕೆ ಬಂದ. ಏನೋ ಹೇಳಲು ಹೋಗಿ ಹೇಳದೆ ಉಳಿದವನಂತೆ ತುಟಿ ಅಲುಗಿಸಿದ. ಕಣ್ಣು ಮುಚ್ಚಿಕೊಂಡಿತು. ಹೊಟ್ಟೆಯ ಮೇಲೆ ಉಸಿರು ಕಾಣದ ಹಾಗೆ ಪಕ್ಕೆಯಲ್ಲಿ ಉಸಿರಾಡುವುದನ್ನು ಅವನಿಗೆ ಮೇಷ್ಟ್ರೇ ಕಲಿಸಿದ್ದರು. ಅದನ್ನು ಮರೆತಿರಲಿಲ್ಲ.

ಮೇಷ್ಟ್ರಿಗೆ ಒಳಗೊಳಗೇ ಹೆಮ್ಮೆಯಾಯಿತು. ಹುಡುಗ ಚೆನ್ನಾಗಿ ಸಾಯುತ್ತಾನೆ.

“ಸರಿ, ಸಾಕು,” ಅಂದರು.

ಸಂಪಂಗಿ ಮಲಗಿದ್ದಲ್ಲೇ ಕಣ್ಣು ತೆರೆದು, ಅವರನ್ನು ನೋಡಿ ಹಲ್ಲು ಕಾಣುವಂತೆ ನಕ್ಕ. ಆಮೇಲೆ ಎದ್ದು ಕೂತ.

“ಅದೇನದು?”

“ಯಾವುದು ಮೇಷ್ಟ್ರೇ?”

“ಏಳೋ ಮೊದಲು ನಕ್ಕೆಯಲ್ಲ. ಅದನ್ನ ನಾನು ಕಲಿಸಿಲ್ಲ.”

ಸಂಪಂಗಿಗೆ ತಾನು ನಕ್ಕಿದ್ದೇ ಗೊತ್ತಾಗಿರಲಿಲ್ಲ.

“ಓ, ಅದಾ. ಅದು ಸಿನಿಮಾದವರ ಪದ್ಧತಿ. ಹೆಣ ಆದವನು ಹಾಗೇ ಎದ್ದು ಹೋಗಬಾರದು, ಅಪಶಕುನ. ಕಟ್ ಆದ ಮೇಲೆ ಮಲಗಿದ್ದಲ್ಲೇ ಕ್ಯಾಮೆರಾ ನೋಡಿ ನಗಬೇಕು. ಆ ನಗೂನೂ ಶೂಟ್ ಮಾಡ್ತಾರೆ. ಸಿನಿಮಾದಲ್ಲಿ ಹಾಕಲ್ಲ, ಆದ್ರೂ ತೆಗೀತಾರೆ. ನಕ್ಕ ಮೇಲೇ ಏಳೋದು. ಸತ್ತಿದ್ದು ಸುಳ್ಳಾಯ್ತು ಅಂತ.”

“ಎಲ್ಲರೂ ಮಾಡ್ತಾರಾ?”

“ಮಾಡ್ತಾರೆ. ಒಬ್ಬೊಬ್ಬರು ಮರೆತೂ ಬಿಡ್ತಾರೆ. ನನ್ನನ್ನ ಮರೆಯೋಕೆ ಅಶ್ವತ್ಥಮ್ಮ ಬಿಡ್ತಿರಲಿಲ್ಲ.”

ಹೆಸರು ಬಾಯಿಗೆ ಬಂದದ್ದೇ ಸಂಪಂಗಿಯ ಮಾತು ಸಲೀಸಾಯಿತು.

“ಸಾಯೋ ಸೀನ್ ಇದ್ದ ದಿನ ಸಂಜೆ ತಪ್ಪದೇ ಫೋನ್ ಮಾಡೋಳು. ಊಟ ಆಯ್ತಾ, ಕಾಫಿ ಆಯ್ತಾ ಏನೂ ಇಲ್ಲ. ‘ನಕ್ಕ್ರಾ?’ ಅಷ್ಟೇ. ನಕ್ಕೆ ಕಣೇ ಅಂದ್ರೆ ಇಟ್ಟುಬಿಡೋಳು.”

“ನಗದೇ ಬಂದಿದ್ದರೆ?”

“ಒಂದ್ಸಲ ಹಾಗಾಯ್ತು. ನನ್ನ ಮೂರನೇ ಸಿನಿಮಾ. ನಾನು ಸಾಯೋದ್ರೊಳಗೆ ಬೆಳಕು ಹೋಯ್ತು, ಎಲ್ಲರೂ ಗಂಟುಮೂಟೆ ಕಟ್ಟಿದ್ರು. ಪಕ್ಕದ ಮನೆಯಿಂದ ಫೋನ್ ಮಾಡಿ ಕೇಳಿದಳು. ಇಲ್ಲ ಕಣೇ, ಇವತ್ತು ನಗು ತೆಗೀಲಿಲ್ಲ ಅಂದೆ. ಮಾರನೇ ಬೆಳಿಗ್ಗೆ ನೋಡ್ತೀನಿ, ಆರು ತಿಂಗಳ ಬಸುರಿ, ಬಸ್ ಹತ್ತಿ ಶೂಟಿಂಗ್ ಜಾಗಕ್ಕೇ ಬಂದು ನಿಂತಿದ್ದಾಳೆ!”

ಮೇಷ್ಟ್ರು ನಕ್ಕರು.

“ಕ್ಯಾಮೆರಾದವನು ಫಿಲ್ಮು ದಂಡ, ಆಗಲ್ಲ ಅಂದ. ಇವಳು ಜಪ್ಪಯ್ಯ ಅಂದ್ರೂ ಕದಲಲಿಲ್ಲ. ಕೊನೆಗೆ ಅವನು ಫಿಲ್ಮು ಹಾಕದೆ ಬರೀ ಕ್ಯಾಮೆರಾ ಓಡಿಸ್ತೀನಿ, ನಗು ಮಾರಾಯ ಅಂದ. ನಾನು ಅದೇ ಜಾಗದಲ್ಲಿ ಮತ್ತೆ ಮಲಗಿದೆ. ಕ್ಯಾಮೆರಾದಲ್ಲಿ ಏನೂ ಇಲ್ಲ ಅಂತ ಗೊತ್ತಿತ್ತಲ್ಲ, ಪಕ್ಕದಲ್ಲಿ ನಿಂತಿದ್ದ ಇವಳನ್ನೇ ನೋಡಿ ನಕ್ಕೆ. ಇವಳೂ ನಕ್ಕಳು. ‘ಈಗ ಏಳಿ’ ಅಂದಳು.”

ಅವನು ಹೊಳೆಯ ಕಡೆ ನೋಡಿದ.

“ಅಲ್ಲಿಂದೀಚೆಗೆ ಯಾವ ಕ್ಯಾಮೆರಾ ಇದ್ರೂ ನಾನು ಅವಳನ್ನ ನೆನೆಸಿಕೊಂಡೇ ನಗೋದು.”

“ಮಗಳಿಗೆ ಇದು ಗೊತ್ತಾ?”

“ಇಲ್ಲ. ಸಾವಿನ ಮಾತು ಮಗು ಕಿವಿಗೆ ಬೀಳಬಾರದು ಅಂತ ಅಶ್ವತ್ಥಮ್ಮ ಹೇಳ್ತಿರಲಿಲ್ಲ. ನಾನೂ ಹೇಳಲಿಲ್ಲ.”

ಇಷ್ಟು ಹೇಳಿ ಮುಗಿಸಿದವನಿಗೆ ತನ್ನ ಮಾತೇ ತನಗೆ ತಟ್ಟಿತು.

“ಹಾಗಾದ್ರೆ ಆವತ್ತು ನಾನು ನಕ್ಕಿದ್ದು ಬರೀ ಚಾಳಿಯಿಂದಾನಾ ಮೇಷ್ಟ್ರೇ? ಹೆಂಡತಿ ಸತ್ತು ಮಲಗಿದ್ದಾಗ್ಲೂ ನಾನು ಶೂಟಿಂಗ್‌ನಲ್ಲೇ ಇದ್ದೆನಾ? ಥೂ, ಇದನ್ನ ಯಾವ ಮುಖ ಇಟ್ಟುಕೊಂಡು ಮಗಳಿಗೆ ಹೇಳಲಿ?”

“ನಗೋದು ಯಾರು ಅಂದೆ?”

“ಸತ್ತವನು.”

“ಆವತ್ತು ಸತ್ತವನು ನೀನಲ್ಲವಲ್ಲ.”

ಸಂಪಂಗಿಗೆ ತಲೆಬುಡ ತಿಳಿಯಲಿಲ್ಲ.

ಮೇಷ್ಟ್ರು ಅವರೆಕಾಳಿನ ತಟ್ಟೆಯನ್ನು ಗೋಡೆಯ ಕಡೆ ಸರಿಸಿದರು. ಮಂಡಿ ಹಿಡಿದುಕೊಂಡು, ಅಯ್ಯಪ್ಪಾ ಅನ್ನುತ್ತಾ ಜಗುಲಿಯ ಮೇಲೆ ಉದ್ದಕ್ಕೆ ಮಲಗಿದರು. ಎಂಬತ್ತಾರು ವರ್ಷದ ದೇಹ.

“ಅಳೋದು ಕಲೀಬೇಕು ಅಂದೆಯಲ್ಲ. ಈಗ ಹೆಣ ನಾನು. ಬಟ್ಟೆ ಸರಿಸಿ ನೋಡು, ಅಳು.”

ಹೆಗಲ ಮೇಲಿನ ವಸ್ತ್ರವನ್ನು ಮುಖದ ಮೇಲೆ ಎಳೆದುಕೊಂಡರು.

ಸಂಪಂಗಿ ಪಕ್ಕದಲ್ಲಿ ಕೂತು ವಸ್ತ್ರ ಸರಿಸಿದ. ಮೇಷ್ಟ್ರ ಬಾಯಿ ಅರ್ಧ ತೆರೆದಿತ್ತು. ಕೆನ್ನೆ ಒಳಗೆ ಹೋಗಿತ್ತು. ಹೊಟ್ಟೆ ಅಲುಗುತ್ತಿರಲಿಲ್ಲ.

ಅವನು ಹುಬ್ಬು ಗಂಟಿಕ್ಕಿದ. ತುಟಿ ಕಚ್ಚಿದ. ಗಂಟಲಲ್ಲಿ ಒಂದು ಸದ್ದು ಹೊರಡಿಸಿ ನೋಡಿದ. ಏನೂ ಬರಲಿಲ್ಲ.

“ಬರ್ತಿಲ್ಲ ಮೇಷ್ಟ್ರೇ. ಏಳಿ.”

ಮೇಷ್ಟ್ರು ಏಳಲಿಲ್ಲ.

ಒಂದು ನೊಣ ಬಂದು ಅವರ ತುಟಿಯ ಮೇಲೆ ಕೂತಿತು. ಅತ್ತಿಂದಿತ್ತ ನಡೆದಾಡಿತು. ತುಟಿ ಅದುರಲಿಲ್ಲ.

“ಮೇಷ್ಟ್ರೇ?”

ಪಾದ ಮುಟ್ಟಿ ನೋಡಿದ. ತಣ್ಣಗಿತ್ತು. ಹೊಳೆ ಗಾಳಿಗೆ ಮುದುಕರ ಪಾದ ತಣ್ಣಗೇ ಇರುತ್ತದೆ ಎಂಬ ಬುದ್ಧಿ ಅವನಿಗೆ ಆಗ ಬರಲಿಲ್ಲ.

“ಮೇಷ್ಟ್ರೇ, ಆಯ್ತು. ಕಟ್. ಕಟ್ ಮೇಷ್ಟ್ರೇ, ಮುಗೀತು.”

ಮುಖದ ಹತ್ತಿರ ಮುಖ ತಂದು ಬಗ್ಗಿದ. ಆಗ ಅವನಿಗೆ ಗೊತ್ತಿಲ್ಲದೆಯೇ ತುಟಿ ಅಗಲವಾಯಿತು, ಹಲ್ಲು ಕಂಡವು. ಮಗುವಿಗೆ ತುತ್ತು ಇಡುವ ತಾಯಿ ಮೊದಲು ತಾನೇ ಬಾಯಿ ತೆರೆಯುತ್ತಾಳಲ್ಲ, ಹಾಗೆ ಸಂಪಂಗಿ ಮೇಷ್ಟ್ರ ಮುಖದ ಮೇಲೆ ಬಗ್ಗಿ ನಕ್ಕ.

ಮೇಷ್ಟ್ರು ಕಣ್ಣು ತೆರೆದರು. ಅವನನ್ನು ನೋಡಿ ಬೊಚ್ಚುಬಾಯಲ್ಲಿ ನಕ್ಕರು. ಎದ್ದು ಕೂತರು.

ಸಂಪಂಗಿ ಬಗ್ಗಿದವನು ಬಗ್ಗಿಯೇ ಇದ್ದ.

“ಅವಳು ನಗಲಿಲ್ಲ ಮೇಷ್ಟ್ರೇ,” ಅಂದ.

ಮೇಷ್ಟ್ರು ವಸ್ತ್ರವನ್ನು ಮತ್ತೆ ಹೆಗಲ ಮೇಲೆ ಹಾಕಿಕೊಂಡರು.

“ನಾನು ನಕ್ಕು ತೋರಿಸಿದೆ. ಆದ್ರೂ ಅವಳು ನಗಲಿಲ್ಲ. ಏಳಲಿಲ್ಲ.”

ಆಮೇಲೆ ಅಳು ಬಂತು. ಸಿನಿಮಾದಲ್ಲಿ ಅಳುವ ಅಳುವಲ್ಲ. ಮೂಗು ಸೋರಿತು, ಬಾಯಿ ಸೊಟ್ಟಗಾಯಿತು, ಗಂಟಲಿಂದ ಬಂದ ಸದ್ದು ಕೇಳಲಾಗದ ಹಾಗಿತ್ತು. ಒಂಬತ್ತು ದಿನದ್ದೂ ಒಟ್ಟಿಗೆ ಬಂದಿತ್ತು. ಮೇಷ್ಟ್ರು ಬೆನ್ನು ಸವರಲಿಲ್ಲ, ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದರು.

ಅವನು ತಲೆ ಎತ್ತಿದಾಗ ಅಂಗಳದ ಮೆಟ್ಟಿಲಲ್ಲಿ ಚಂದ್ರಿಕಾ ನಿಂತಿದ್ದಳು. ಶಾಸ್ತ್ರಿಗಳು ಕರೆಯುತ್ತಿದ್ದಾರೆಂದು ಹೇಳಲು ಬಂದವಳು. ಅಸ್ಥಿಯ ಕುಡಿಕೆಯನ್ನು ಕೆಳಗಿಡಬಾರದೆಂದು ಎದೆಗೆ ಅವುಚಿಕೊಂಡಿದ್ದಳು. ಆ ಖಾಲಿ ಕ್ಯಾಮೆರಾದ ಮಾತಿನ ಹೊತ್ತಿಗೇ ಅವಳು ಬಂದು ನಿಂತಾಗಿತ್ತು. ಇಬ್ಬರೂ ನೋಡಿರಲಿಲ್ಲ.

“ಅಪ್ಪ,” ಅಂದಳು. “ಅಮ್ಮ ಸಂಜೆ ಫೋನಲ್ಲಿ ‘ನಕ್ಕ್ರಾ, ನಕ್ಕ್ರಾ’ ಅಂತ ಕೇಳ್ತಿದ್ದಿದ್ದು ಇದಕ್ಕಾ?”

ಸಂಪಂಗಿ ತಲೆಯಾಡಿಸಿದ.

“ನಾನು ಅದೇನೋ ನಿಮ್ಮಿಬ್ಬರ ತಮಾಷೆ ಅಂದ್ಕೊಂಡಿದ್ದೆ.”

ಅವನು ಜಗುಲಿಯಿಂದ ಇಳಿದು ಅವಳ ಮುಂದೆ ಬಂದು ನಿಂತ. ಅಮ್ಮನ ಹೊಟ್ಟೆಯಲ್ಲಿ ಕೂತು ಆ ಶೂಟಿಂಗ್ ಜಾಗಕ್ಕೆ ಬಂದಿದ್ದವಳು, ಮೂವತ್ತೆರಡು ವರ್ಷದವಳು, ಒಂಬತ್ತು ದಿನದ ಮೇಲೆ ಮೊದಲ ಸಲ ಅಪ್ಪನ ಮುಖವನ್ನು ನೋಡಿದಳು. ಒಂದು ಕೈಯಲ್ಲಿ ಕುಡಿಕೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ದುಪಟ್ಟಾದ ಚುಂಗು ತೆಗೆದು ಅವನ ಕಣ್ಣು ಒರೆಸಿದಳು. ಮೂಗನ್ನೂ ಒರೆಸಿದಳು. ಅವಳ ಕಣ್ಣು ಒರೆಸಲು ಕೈ ಉಳಿದಿರಲಿಲ್ಲ.

“ಬನ್ನಿ ಅಪ್ಪ. ಹೊತ್ತಾಯ್ತು.”

ಕುಡಿಕೆಯನ್ನು ಅವನ ಕೈಗೆ ಕೊಟ್ಟಳು.

ನಾಲ್ಕು ಹೆಜ್ಜೆ ಇಟ್ಟ ಮೇಲೆ ಸಂಪಂಗಿ ನಿಂತು ಹಿಂದಿರುಗಿ ನೋಡಿದ. ಒಳ್ಳೆಯ ಶಿಷ್ಯ, ಪಾಠ ಪೂರ್ತಿಯಾಗದೆ ಹೋಗುವವನಲ್ಲ.

“ಮೇಷ್ಟ್ರೇ, ನಾಡಿದ್ದು ಎಲ್ಲರ ಮುಂದೆ ಅಳು ಬರದೇ ಹೋದ್ರೆ?”

ಮೇಷ್ಟ್ರು ಅವರೆಕಾಳಿನ ತಟ್ಟೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಿದ್ದರು. ಅವನ ಮಾತು ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವರು ನೋಡಿದ್ದು ಚಂದ್ರಿಕಾಳನ್ನು.

“ಮಗಳೇ, ಮುಂದಿನ ತಿಂಗಳು ನಿಮ್ಮಪ್ಪನಿಗೆ ಒಂದು ಸಾಯೋ ಪಾರ್ಟಿದೆ. ಆವತ್ತು ಸಂಜೆ ಒಂದು ಫೋನ್ ಮಾಡಮ್ಮ.”