ನಾಲ್ಕನೆಯ ಪ್ಲಗ್ಗು

ಶಿಷ್ಯ ಕೇಳಿದ: "ಗುರುಗಳೇ, ನಿನ್ನೆ ತುಂಬಿದ ಸಭೆಯಲ್ಲಿ ಒಂದು ಪದ್ಯಕ್ಕೆ ತಪ್ಪು ಅರ್ಥ ಹೇಳಿಬಿಟ್ಟೆ. ಅದನ್ನು ಸಭೆಯ ಎದುರಿಗೇ ತಿದ್ದಿಕೊಳ್ಳಬೇಕೆ? ನನ್ನೊಳಗೆ ನಾನು ತಿದ್ದಿಕೊಂಡರೆ ಸಾಲದೆ?"

ಗುರುಗಳು ಕಾಲು ನೀಡಿ, ಗೋಡೆಗೆ ಒರಗಿ ಕೂತರು. ಕತೆ ಬರುವ ಲಕ್ಷಣ ಅದು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಅಂಗಡಿಯಲ್ಲಿ ತಿರುಪಿನ ಮುಚ್ಚಳದ ಡಬ್ಬಿಗಳಿಗೆ ಲೆಕ್ಕವಿರಲಿಲ್ಲ, ಅವನ ಬಾಯಲ್ಲಿ ಬಡಾಯಿಗೆ ಲೆಕ್ಕವಿರಲಿಲ್ಲ. ತಾನು ಕಿವಿಗೊಟ್ಟರೆ ಸಾಕು, ಕಾರಿನ ಇಂಜಿನ್ನು ತನ್ನ ಜಾತಕವನ್ನೇ ಒಪ್ಪಿಸುತ್ತದೆ ಎನ್ನುತ್ತಿದ್ದ. ಒಮ್ಮೆ ಘಾಟಿಯಲ್ಲಿ ಪೆಟ್ರೋಲು ಮುಗಿದ ಮೇಲೂ ಅವನ ಕಾರು, ಯಜಮಾನನ ಮೇಲಿನ ಮರ್ಯಾದೆಯೊಂದರಿಂದಲೇ ಮನೆಯವರೆಗೆ ಓಡಿತ್ತಂತೆ.

ಒಂದು ಭಾನುವಾರ ಅವನ ಮಗಳು ಸುವರ್ಣಾಳ ಖೋಖೋ ಫೈನಲ್ ಇತ್ತು. ಮೈದಾನ ಇದ್ದದ್ದು ಪಕ್ಕದ ತಾಲ್ಲೂಕಿನಲ್ಲಿ. ತಂಡದ ಜೊತೆ ಮೊದಲೇ ಹೊರಟಿದ್ದ ಹುಡುಗಿ ಬಾಗಿಲಲ್ಲಿ ನಿಂತು, "ಅಪ್ಪಾ, ಈ ಸಲವಾದರೂ ನಾನು ಆಡೋದನ್ನ ನೋಡ್ತೀಯಾ?" ಎಂದು ಕೇಳಿದ್ದಳು. "ನಾನೊಬ್ಬನೇ ಏನು, ಮನೆಯವರನ್ನೆಲ್ಲ ಪಾತ್ರೆಯೊಳಗೆ ಪಾತ್ರೆ ಇಟ್ಟ ಹಾಗೆ ಜೋಡಿಸಿಕೊಂಡು ಬರ್ತೀನಿ" ಎಂದಿದ್ದ ವ್ಯಾಪಾರಿ.

ಅಂದು ಬೆಳಿಗ್ಗೆ ಕಾರು ಗೇಟಿನ ಹತ್ತಿರವೇ ಕೆಮ್ಮಿತು, ನಡುಗಿತು, ನಿಂತಿತು. ಅಮಾವಾಸ್ಯೆಯಾದ್ದರಿಂದ ಊರಿನ ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ಬಸ್ಸು ಆಗಲೇ ಹೋಗಿಯಾಗಿತ್ತು.

ವ್ಯಾಪಾರಿಗೆ ಹಬ್ಬವೇ ಬಂದಂತಾಯಿತು. ಇಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್ಗುಗಳು ಸೋತಿವೆ, ಹೊಸವು ಡಿಕ್ಕಿಯಲ್ಲೇ ಇವೆ, ಕಾಫಿ ಆರುವುದರೊಳಗೆ ತಾನೇ ಹಾಕಿಬಿಡುತ್ತೇನೆ ಎಂದು ಘೋಷಿಸಿದ. ಅವನ ಘೋಷಣೆ ಕೇಳಿ ಬೀದಿಯೇ ಬಂದು ಸೇರಿತು. ಕೆಲವರು ಕುರ್ಚಿಯನ್ನೂ ತಂದರು. ಹೆಂಡತಿ ಪ್ಲಗ್ಗು ಬಿಚ್ಚುವ ಪಾನಾಕ್ಕೆ ಕುಂಕುಮ ಹಚ್ಚಿ ಕೈಗೆ ಕೊಟ್ಟಳು.

ಬಡಾಯಿ ಎಷ್ಟೇ ಇರಲಿ, ಮನುಷ್ಯ ಕೆಲಸ ಚೆನ್ನಾಗಿಯೇ ಶುರು ಮಾಡಿದ. ಸೈಕಲ್ ಪಂಪಿನಿಂದ ಧೂಳು ಊದಿದ. ಒಂದು ವೈರು ಕಿತ್ತ, ಮಸಿ ಹಿಡಿದ ಹಳೆಯ ಪ್ಲಗ್ಗು ಬಿಚ್ಚಿದ, ಹೊಸದನ್ನು ಇಟ್ಟು ಬರೀ ಬೆರಳಿನಲ್ಲಿ ತಿರುಗಿಸಿದ. ಅದು ಸಲೀಸಾಗಿ ಇಳಿಯಿತು. ಪೂರ್ತಿ ಇಳಿದ ಮೇಲಷ್ಟೇ ಪಾನಾ ಹಾಕಿ ತುಸು ಬಿಗಿದ. ಮೂರು ಪ್ಲಗ್ಗುಗಳು ಹೀಗೇ ಕೂತವು. ಬೀದಿಯವರಿಗೆ ಬೇಸರ ಬಂತು.

ಆಗ ಹೆಂಡತಿಯ ತಮ್ಮ ಹೊರಗೆ ಬಂದ. "ಏನ್ ಭಾವ, ಪ್ಲಗ್ಗು ಹಾಕ್ತಿದ್ದೀರೋ, ಬಸುರಿಗೆ ಬಳೆ ತೊಡಿಸ್ತಿದ್ದೀರೋ?"

ಬೀದಿ ಗೊಳ್ಳೆಂದಿತು. ವ್ಯಾಪಾರಿಯ ಕಿವಿ ಕೆಂಪಾಯಿತು. ನಾಲ್ಕನೆಯದಕ್ಕೆ ಬೆರಳು ಮುಟ್ಟಿಸಲೇ ಇಲ್ಲ. ಪಾನಾಕ್ಕೆ ಪ್ಲಗ್ಗು ಸಿಕ್ಕಿಸಿ, ನೇರವಾಗಿ ಗುಂಡಿಗೆ ಇಳಿಸಿ, ತೋಳೇರಿಸಿ ತಿರುವಿದ. ಅರ್ಧ ಸುತ್ತು ಹೋಗಿ ಅದು ಕಚ್ಚಿತು. ಇನ್ನಷ್ಟು ಒತ್ತಿದ. ಅದು ಮುಲುಗಿತು.

"ನೋಡಿ, ಹೀಗಿರಬೇಕು ಬಿಗಿ!" ಎಂದು ಕೂಗಿದ. ಬೀದಿ ಚಪ್ಪಾಳೆ ತಟ್ಟಿತು.

ಹೆಂಡತಿ ಬಗ್ಗಿ ನೋಡಿ ಮೆಲ್ಲಗೆ ಹೇಳಿದಳು: "ರೀ, ಆ ಮೂರೂ ಒಳಗೆ ಇಳಿದವು. ಇದು ಇನ್ನೂ ಮೇಲೇ ನಿಂತಿದೆಯಲ್ಲ?"

ಅವಳು ಹೇಳಬೇಕಿರಲಿಲ್ಲ. ಅವನ ಕೈಗೆ ಆಗಲೇ ಗೊತ್ತಾಗಿತ್ತು. ಸೊಟ್ಟಗೆ ಕೂತ ಮುಚ್ಚಳ ಎಂಥದೆಂದು ಆ ಕೈಗೆ ಯಾರೂ ಕಲಿಸಬೇಕಾಗಿರಲಿಲ್ಲ. ಇನ್ನೊಂದು ಸಲ ಒತ್ತಿದರೆ ಇಂಜಿನ್ನಿನೊಳಗಿನ ತಿರುಪು ಸವೆದುಹೋಗುತ್ತದೆ. ಆಮೇಲೆ ಕಾರು ಹೋಗುವುದು ಮೈದಾನಕ್ಕಲ್ಲ, ಹಗ್ಗ ಕಟ್ಟಿಸಿಕೊಂಡು ಗ್ಯಾರೇಜಿಗೆ. ಆದರೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಇಂಥ ಚಪ್ಪಾಳೆ ಅವನಿಗೆ ಜನ್ಮದಲ್ಲಿ ಮೊದಲ ಸಲ ಸಿಕ್ಕಿತ್ತು. ಬಾಗಿಲಲ್ಲಿ ನಿಂತು ಕೇಳಿದ ಹುಡುಗಿ ಕಣ್ಣಿಗೆ ಬಂದಳು.

ವ್ಯಾಪಾರಿ ಪಾನಾವನ್ನು ಹಿಂದಕ್ಕೆ ತಿರುಗಿಸಿದ.

"ಅಯ್ಯಯ್ಯೋ, ಹಾಕಿದ್ದನ್ನೇ ಬಿಚ್ತಿದ್ದಾನೆ!" ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಭಾವಮೈದುನ ಕುರ್ಚಿಯಿಂದ ಜಾರಿ ಕೆಳಗೆ ಬಿದ್ದ. ವ್ಯಾಪಾರಿ ತಲೆ ಎತ್ತಲಿಲ್ಲ. ಪ್ಲಗ್ಗನ್ನು ಒರೆಸಿ ನೆಟ್ಟಗೆ ಇಟ್ಟ. ಕಣ್ಣು ಮುಚ್ಚಿ, ಅಂಗಡಿಯಲ್ಲಿ ಮುಚ್ಚಳ ಕೂರಿಸುವಂತೆ, ಬೆರಳ ತುದಿಯಲ್ಲಿ ಮೊದಲು ಹಿಂದಕ್ಕೇ ತಿರುಗಿಸುತ್ತ ಹೋದ. ಒಳಗೆಲ್ಲೋ ಟಕ್ಕೆಂದಿತು. ತಿರುಪು ತಿರುಪಿಗೆ ಸೇರಿತ್ತು. ಆಮೇಲೆ ಮುಂದಕ್ಕೆ ತಿರುಗಿಸಿದರೆ, ಬಿಸಿ ದೋಸೆಯ ಮೇಲೆ ಬೆಣ್ಣೆ ಜಾರಿದಂತೆ ಜಾರಿ ಇಳಿಯಿತು.

ಪಾನಾದಿಂದ ತುಸು ಬಿಗಿದು, ವೈರುಗಳನ್ನು ಸಿಕ್ಕಿಸಿ, ಬಾನೆಟ್ಟು ಮುಚ್ಚಿ ಕೀಲಿ ತಿರುಗಿಸಿದ. ಇಂಜಿನ್ನು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. "ಹತ್ತಿ, ಹತ್ತಿ!" ಎಂದು ಅರಚಿದ. ತಾಯಿ, ಹೆಂಡತಿ, ಮಕ್ಕಳು, ಮೈ ಕೊಡವಿಕೊಂಡು ಎದ್ದ ಭಾವಮೈದುನ, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಹತ್ತಿದರು. ಕಾರು ಹಾರಿತು. ದಾರಿಯಲ್ಲಿ ಅದರ ನೆರಳು ಹಿಂದೆ ಉಳಿದು, ಮೈದಾನದ ಬಳಿ ಏದುಸಿರು ಬಿಡುತ್ತ ಬಂದು ಸೇರಿಕೊಂಡಿತಂತೆ.

ಇವರು ಓಡೋಡಿ ಗೆರೆಯ ಹತ್ತಿರ ಬರುವುದಕ್ಕೂ ಸುವರ್ಣಾ ಎದುರಾಳಿಯನ್ನು ಅಟ್ಟಿಸಿಕೊಂಡು ಬಂದು, ಮೈಚಾಚಿ ಹಾರಿ ಮುಟ್ಟುವುದಕ್ಕೂ ಸರಿಹೋಯಿತು. ಮಣ್ಣಿನಿಂದ ತಲೆ ಎತ್ತಿದವಳ ಕಣ್ಣಿಗೆ ಮೊದಲು ಬಿದ್ದದ್ದು ಅಪ್ಪ. ಅವನು ಹಾಕಿದ ಕೂಗಿಗೆ ಸುತ್ತಲಿನ ಊರುಗಳ ಎಮ್ಮೆಗಳೆಲ್ಲ ಹಗ್ಗ ಕಿತ್ತವು ಎನ್ನುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖದಲ್ಲಿ ನಗು ಇತ್ತು, ಅನುಮಾನವೂ ಇತ್ತು.

"ಗುರುಗಳೇ, ಇಡೀ ಬೀದಿ ನಕ್ಕಿತಲ್ಲ, ಅವನ ಮಾನ ಏನಾಯಿತು?"

"ಕಾರಿನಲ್ಲಿ ಮನೆಮಂದಿಯೆಲ್ಲ ಒತ್ತೊತ್ತಿ ಕೂತಿದ್ದರು ಮಗು, ಮಾನಕ್ಕೆ ಜಾಗ ಸಾಲಲಿಲ್ಲ."