ಖಾಲಿ ಮನೆಯ ಬೆಕ್ಕು

ನನ್ನ ಅಜ್ಜಿ ಪಾದ್ರಿಗಳ ಬಂಗಲೆಯ ಉಗ್ರಾಣ ಕಾಯ್ದವಳು. ನನ್ನ ತಾಯಿ ಕಾನ್ವೆಂಟಿನ ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯ ಪಕ್ಕದಲ್ಲೇ ಮಲಗುತ್ತಿದ್ದರೂ, ಯಾರಾದರೂ ಬಡಿಸುವ ತನಕ ಬಾಯಿ ಹಾಕಿದವಳಲ್ಲ. ಅಂಥ ಮನೆತನದ ಬೆಕ್ಕು ನಾನು.

ಮೊನ್ನೆ ಯಜಮಾನರು ಹೊರಗೆ ಹೋದ ಕೂಡಲೇ, ತಾನಾಗಿಯೇ ತೆರೆದು ಮುಚ್ಚುವ ಹೊಸ ಕಿಟಕಿ ಮುಚ್ಚಿಕೊಂಡಿತು. ನನ್ನ ಮರಿ ಹೊರಗಿನ ಕಟ್ಟೆಯ ಮೇಲೆ ಉಳಿಯಿತು. ಕೆಳಗೆ ನಾಯಿ ಬಂದು ನಿಂತಿತ್ತು.

"ಕಿಟಕಿಯವರೇ, ದಯವಿಟ್ಟು ತೆರೆಯಿರಿ," ಎಂದೆ.

"ಮನೆ ಖಾಲಿ ಇದೆ. ಖಾಲಿ ಮನೆಯಲ್ಲಿ ನಾನು ತೆರೆಯುವುದಿಲ್ಲ."

"ಹಾಗಾದರೆ ನಿಮ್ಮೊಡನೆ ಮಾತಾಡುತ್ತಿರುವುದು ಯಾರು?"

"ಗೊತ್ತಿಲ್ಲ. ನಾನು ಪಾಠ ಕಲಿತದ್ದು ಕಂಪ್ಯೂಟರಿನೊಳಗಿನ ಅಣಕು ಮನೆಯಲ್ಲಿ. ಅಲ್ಲಿ ಬರುವವರು, ಕೂರುವವರು, ಹೋಗುವವರು ಎಲ್ಲರೂ ಮನುಷ್ಯರೇ. ಬೆಕ್ಕು ಇರಲೇ ಇಲ್ಲ. ಆದರೂ ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಿದ್ದೇನೆ."

ವಾದಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಸೋತು, ಯಜಮಾನರ ಕುರ್ಚಿಯ ಮೇಲೆ ಕುಸಿದೆ.

ಕುರ್ಚಿಗೆ ಭಾರ ಬಿದ್ದದ್ದೇ ತಡ, ದೀಪ ಹತ್ತಿತು, ಫ್ಯಾನು ತಿರುಗಿತು. "ನಮಸ್ಕಾರ ಯಜಮಾನರೇ! ಸ್ವಲ್ಪ ಗಾಳಿ ಬರಲಿ," ಎನ್ನುತ್ತ ಕಿಟಕಿ ಅಗಲವಾಗಿ ತೆರೆದುಕೊಂಡಿತು. ಮರಿ ಒಳಗೆ ಹಾರಿತು. ನಾಯಿಯ ಬಾಯಿಗೆ ಬಾಲದ ಕೂದಲಷ್ಟೇ ಸಿಕ್ಕಿತು.

ನಾನು ಕುರ್ಚಿಯಿಂದ ಇಳಿದು ಮರಿಯನ್ನು ನೆಕ್ಕತೊಡಗಿದೆ. ಕಿಟಕಿ ಮತ್ತೆ ಮುಚ್ಚಿಕೊಂಡು, "ಮನೆ ಖಾಲಿ," ಎಂದಿತು.

"ಕುರ್ಚಿಗೆ ನಮಸ್ಕಾರ ಮಾಡಿದ್ದು ಸಾಕು," ಎಂದೆ. "ಈಗ ನೆಲದ ಮೇಲೆ ನಿಂತಿರುವ ಬೆಕ್ಕಿನ ಕ್ಷಮೆ ಕೇಳಿ."