ಕತ್ತೆಗೆ ಕಣ್ಣು ಬರೆದ ದಿನ

ವಿಕಾರಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ. ಬೆಳಗಿನಿಂದ ಮೋಡ ಕವಿದಿತ್ತು, ಮಳೆ ಬರಲಿಲ್ಲ.

“ಬುದ್ಧಿ, ನಗಿಸುವುದು ತಪ್ಪೇ?” ಎಂದು ಶಿಷ್ಯ ಮರುಳಯ್ಯ ಗುರುಗಳನ್ನು ಕೇಳಿದ.

ಕೇಳಲು ಕಾರಣವಿತ್ತು. ಮಠದ ಅಡುಗೆಯ ನಂಜಯ್ಯನವರು ಮೂಗಿನಲ್ಲಿ ಮಾತಾಡುತ್ತಿದ್ದರು. ನಡೆದು ಬರುವಾಗ ಮೊದಲು ಹೊಟ್ಟೆ ಬರುತ್ತಿತ್ತು, ಆಮೇಲೆ ಅವರು. ಮರುಳಯ್ಯ ಅದನ್ನು ಅಣಕಿಸಿ ತೋರಿಸುತ್ತಿದ್ದ, ಮಠವೆಲ್ಲ ನಗುತ್ತಿತ್ತು. ಒಂದು ದಿನ ನಂಜಯ್ಯನವರೇ ಬಾಗಿಲಲ್ಲಿ ನಿಂತು ನೋಡಿದರು. ಅಂದಿನಿಂದ ಪಂಕ್ತಿಯಲ್ಲಿ ಎಲ್ಲರಿಗೂ ಗಟ್ಟಿ ಮಜ್ಜಿಗೆ. ಮರುಳಯ್ಯನ ಬಟ್ಟಲಲ್ಲಿ ಮಾತ್ರ ತಳ ಕಾಣುತ್ತಿತ್ತು.

“ನಾನು ಅವರನ್ನು ಬಯ್ದಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸಿದೆ. ಬೇಕಾದರೆ ನೀವೇ ನೋಡಿ ಬುದ್ಧಿ” ಎಂದು ಮರುಳಯ್ಯ ಎದ್ದು, ಹೊಟ್ಟೆ ಮುಂದೆ ಮಾಡಿ ನಾಲ್ಕು ಹೆಜ್ಜೆ ನಡೆದ.

ಗುರುಗಳಿಗೆ ನಗು ಬಂತು, ನಕ್ಕರು. ನಕ್ಕು ಮುಗಿದ ಮೇಲೆ, “ಕೂತುಕೋ” ಎಂದು ಈ ಕತೆ ಹೇಳಿದರು.

ಮೈಸೂರಿನಲ್ಲಿ ಮುಮ್ಮಡಿಯವರು ಆಳುತ್ತಿದ್ದ ಕಾಲ. ಒಂದು ಊರಿನಲ್ಲಿ ಒಬ್ಬ ಚಿತ್ರಗಾರನಿದ್ದ. ದೇವರ ಪಟ ಬರೆಯುವುದು ಅವನ ಮನೆತನದ ಕೆಲಸ. ಅವನಿಗೆ ಹೆಸರು ಬಂದದ್ದು ಮಾತ್ರ ಪ್ರಾಣಿಗಳಿಂದ. ಜಪಸರ ಹಿಡಿದು ಇಲಿಗಳಿಗೆ ಉಪದೇಶ ಮಾಡುವ ಬೆಕ್ಕು, ಪಂಚಾಯಿತಿಗೆ ಕುಳಿತ ಹೋತ, ಒಂಟಿ ಕಾಲಲ್ಲಿ ನಿಂತು ಹಾಲು ಅಳೆಯುವ ಕೊಕ್ಕರೆ, ಹೀಗೆ ಬರೆಯುತ್ತಿದ್ದ. ಪ್ರಾಣಿ ಎದುರಿಗಿಲ್ಲದೆ ಅವನ ಕೈ ಓಡುತ್ತಿರಲಿಲ್ಲ. ಹೋತವನ್ನು ಕಂಬಕ್ಕೆ ಕಟ್ಟಿ, ತಲೆಗೆ ರುಮಾಲು ಸುತ್ತಿ, ಅದು ಆ ರುಮಾಲನ್ನು ಹೇಗೆ ಹೊರುತ್ತದೆ ಎಂದು ನೋಡಿದ ಮೇಲೆಯೇ ಬರೆಯುತ್ತಿದ್ದ.

ಹೋತವನ್ನು ನೋಡಿ ಊರೆಲ್ಲ ನಕ್ಕಿತು, ಪಟೇಲ ಮಾತ್ರ ನಗಲಿಲ್ಲ. ಕೊಕ್ಕರೆಯನ್ನು ನೋಡಿ ಪಟೇಲನೂ ನಕ್ಕ; ಹಾಲು ಮಾರುವವಳು ನಗಲಿಲ್ಲ. ಅವಳು ಜಗಳಕ್ಕೆ ಬಂದಾಗ ಚಿತ್ರಗಾರ, “ನಾನು ಬರೆದದ್ದು ಕೊಕ್ಕರೆಯನ್ನು. ಅದರಲ್ಲಿ ನೀನು ಕಂಡರೆ ಅದು ನಿನ್ನ ಕಣ್ಣಿನ ತಪ್ಪು” ಎಂದು ಹೇಳಿ ಕುಂಚವನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ. ಮಾತು ಮುಗಿಯಿತು ಎನ್ನುವಾಗ ಹಾಗೆ ಮಾಡುವುದು ಅವನ ಅಭ್ಯಾಸ.

ಊರಿನಲ್ಲಿ ಹಾಲು ಮಾರುವವಳು ಅವಳೊಬ್ಬಳೇ. ಅವಳು ಅಳೆದುಕೊಟ್ಟು ಹೋದ ಮೇಲೆ ಚಿತ್ರಗಾರನ ಹೆಂಡತಿ ದಿನವೂ ಪಾತ್ರೆಯನ್ನು ಬಗ್ಗಿಸಿ ತೋರಿಸುತ್ತಿದ್ದಳು.

“ನೋಡಿ, ತಳ ಕಾಣುತ್ತದೆ. ಕೊಕ್ಕರೆ ಬರೆದಂದಿನಿಂದ ಹೀಗೇ. ಕೂಸು ಈ ನೀರು ಕುಡಿದು ಬೆಳೆಯಬೇಕು. ಇಷ್ಟು ಎಮ್ಮೆ ಬರೆದಿದ್ದೀರಲ್ಲ, ಒಂದಾದರೂ ಹಾಲು ಕೊಟ್ಟಿದೆಯೇ?”

ಕೂಸು ಬಡವಾಗುತ್ತಿದ್ದುದು ಚಿತ್ರಗಾರನಿಗೂ ಕಾಣುತ್ತಿತ್ತು.

ಹೀಗಿರುವಾಗ ಒಬ್ಬ ಶೆಟ್ಟಿ ಹೊಸ ಮನೆ ಕಟ್ಟಿಸಿದ. ಚಿತ್ರಗಾರನನ್ನು ಕರೆಸಿ, “ನಡುಮನೆಯ ಗೋಡೆಯ ಮೇಲೆ ಪ್ರಾಣಿಗಳ ಸಂಗೀತ ಕಚೇರಿ ಬರೆಯಬೇಕು. ಹಾಡುವುದು ಕತ್ತೆ. ನಮ್ಮ ಬೀಗರು ಹಾಡುವುದನ್ನು ಕೇಳಿದ್ದೀಯಲ್ಲ?” ಎಂದ.

“ಕೇಳಿದ್ದೇನೆ. ಹೋಲಿಸಿದರೆ ಕತ್ತೆ ಬೇಜಾರು ಮಾಡಿಕೊಂಡೀತು.”

ಶೆಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕ. ಗೃಹಪ್ರವೇಶದ ದಿನ ಬೀಗರ ಎದುರಿಗೇ ಚಿತ್ರದ ತೆರೆ ಸರಿಸಬೇಕು. ಕೂಲಿಗೆ ಕರು ಸಮೇತ ಒಂದು ಕರೆಯುವ ಎಮ್ಮೆ ಎಂದು ಮಾತಾಯಿತು.

ಚಿತ್ರಗಾರ ಮಡಿವಾಳನ ಕತ್ತೆಯನ್ನು ಕೇಳಿ ತಂದು ಶೆಟ್ಟಿಯ ಹಿತ್ತಿಲಲ್ಲಿ ಕಟ್ಟಿದ. ಅದಕ್ಕೆ ಶಾಲು ಹೊದಿಸಿದ. ಹೋಗಿ ನೋಡುವುದು, ಬಂದು ಬರೆಯುವುದು. ಗೋಡೆಯ ಕತ್ತೆಗೆ ಬೀಗರ ಶಾಲು ಬಂತು, ಬೀಗರ ಹಾಗೆ ಮೇಲೆತ್ತಿದ ಮೋರೆ ಬಂತು. ಕಣ್ಣು ಮಾತ್ರ ಉಳಿಯಿತು. ಕಣ್ಣನ್ನು ಕೊನೆಗೆ, ಒಳ್ಳೆಯ ದಿನ ನೋಡಿ ಬರೆಯುವುದು ಪದ್ಧತಿ.

ಗೃಹಪ್ರವೇಶದ ದಿನ ಬಂತು. ಶುಭಕಾರ್ಯದ ಮನೆಯಲ್ಲಿ ಕತ್ತೆ ಬೇಡವೆಂದು ಅದನ್ನು ವಾಪಸು ಕಳಿಸಿದ್ದರು. ಚಿತ್ರಗಾರನ ಹೆಂಡತಿ ಕೊಟ್ಟಿಗೆ ಗುಡಿಸಿಟ್ಟಳು. ಅವನು ಎಮ್ಮೆಗೆಂದು ಹೆಗಲ ಮೇಲೆ ಹಗ್ಗ ಹಾಕಿಕೊಂಡು ಹೋದ. ತೆರೆಯ ಹಿಂದೆ ನಿಂತು ಕುಂಚ ಎತ್ತಿದ. ಶೆಟ್ಟಿಯ ಮುದಿ ತಾಯಿ ತಡೆದಳು.

“ಕನ್ನಡಿ ಎಲ್ಲೋ?”

ದೇವರ ಚಿತ್ರಕ್ಕೆ ಕಣ್ಣು ಬರೆಯುವಾಗ ಅದರ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು. ಅದಕ್ಕಾಗಿ ಎದುರಿಗೆ ಕನ್ನಡಿ ಹಿಡಿಯುತ್ತಿದ್ದರು. ಬರೆಯುವವನು ಚಿತ್ರಕ್ಕೆ ಬೆನ್ನು ಮಾಡಿ, ಕನ್ನಡಿಯೊಳಗೆ ನೋಡುತ್ತ, ಹೆಗಲ ಮೇಲಿಂದ ಕುಂಚ ಚಾಚಿ ಕಣ್ಣು ಬರೆಯುತ್ತಿದ್ದ.

“ಅಮ್ಮಾ, ಇದು ಕತ್ತೆ” ಎಂದ ಚಿತ್ರಗಾರ.

“ಕತ್ತೆಗೆ ದೃಷ್ಟಿ ಇಲ್ಲವೇನೋ? ಮನೆಯಲ್ಲಿ ಬಸುರಿ ಸೊಸೆ ಇದ್ದಾಳೆ. ಕನ್ನಡಿ ಹಿಡಿಯಿರಿ.”

ಶೆಟ್ಟಿಯೇ ಕನ್ನಡಿ ಹಿಡಿದು ನಿಂತ. ಅವನಿಗೆ ಚಿತ್ರ ಕಾಣದಂತೆ ಕನ್ನಡಿಯೇ ಅಡ್ಡವಾಯಿತು.

ದೇವರ ಕಣ್ಣಿಗೆ ಅಳತೆ ಇದೆ. ನೋಡದಿದ್ದರೂ ಕೈ ಬರೆಯುತ್ತದೆ. ಕತ್ತೆಯ ಕಣ್ಣಿಗೆ ಶಾಸ್ತ್ರವಿಲ್ಲ. ಅವನಾದರೋ ಎದುರಿಗಿದ್ದುದನ್ನು ನೋಡಿ ಬರೆಯುವವನು. ಕನ್ನಡಿಯಲ್ಲಿ ಎದುರಿಗೆ ಇದ್ದದ್ದು ಅವನದೇ ಮುಖ. ಕೈ ಅದನ್ನು ಬರೆಯಿತು. ಅವನಿಗೆ ತಿಳಿಯಲಿಲ್ಲ.

ತೆರೆ ಸರಿಸಿದರು. ಬೀಗರು ಹತ್ತಿರ ಬಂದು ಕತ್ತೆಯನ್ನು ನೋಡಿದರು. ಚಿತ್ರಗಾರನನ್ನು ನೋಡಿದರು. ಮತ್ತೆ ಕತ್ತೆಯನ್ನು ನೋಡಿದರು.

“ಅಯ್ಯೋ ಶಿವನೇ! ಚಿತ್ರಗಾರಾ, ನೀನು ಹಾಡುವುದನ್ನು ಯಾವಾಗ ಕಲಿತೆಯೋ?”

ಕತ್ತೆಗೆ ಒಂದು ಕಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಆ ಊರಿನಲ್ಲಿ ಅಂಥ ರೆಪ್ಪೆ ಇದ್ದವನು ಒಬ್ಬನೇ. ಮನೆಯೆಲ್ಲ ನಗತೊಡಗಿತು. ಶೆಟ್ಟಿಯ ತಾಯಿ ನಕ್ಕು ಸುಸ್ತಾಗಿ ಅಲ್ಲೇ ಕುಳಿತಳು. ಹಬ್ಬದಡುಗೆಗೆ ಹಾಲು ತಂದಿದ್ದ ಹಾಲಿನವಳು ಕೊಡವನ್ನು ಕೆಳಗಿಟ್ಟು ನಕ್ಕಳು.

ಚಿತ್ರಗಾರ ತಿರುಗಿ ನೋಡಿದ. “ನಾನು ಬರೆದದ್ದು ಕತ್ತೆಯನ್ನು” ಎಂದು ಶುರು ಮಾಡಿದ. ಕುಂಚ ಕಿವಿಯವರೆಗೆ ಹೋಗಿ ಹಿಂದಕ್ಕೆ ಬಂತು.

ನಗದೆ ಇದ್ದವನು ಶೆಟ್ಟಿ. ಅವನು ಬಗ್ಗಿ ಚಿತ್ರಗಾರನ ಕಿವಿಯಲ್ಲಿ, “ಒರೆಸಯ್ಯ ಅದನ್ನು. ಬೀಗರ ಕಣ್ಣು ಬರೆ. ನಿನ್ನ ಮೋರೆಗೆ ಯಾರು ಎಮ್ಮೆ ಕೊಡುತ್ತಾರೆ?” ಎಂದ. ಹಿತ್ತಿಲಲ್ಲಿ ಎಮ್ಮೆ ಕೂಗಿತು.

ಚಿತ್ರಗಾರ ಕುಂಚವನ್ನು ಅದ್ದಿದ. ಬೀಗರ ಕಡೆ ನೋಡಿದ. ಅವರು ಇನ್ನೂ ನಗುತ್ತ ಶಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಲಿನವಳ ಕಡೆ ನೋಡಿದ. ಆಮೇಲೆ ಗೋಡೆಯ ಹತ್ತಿರ ಹೋಗಿ, ಕಣ್ಣನ್ನು ಮುಟ್ಟದೆ, ಕತ್ತೆಯ ಕಿವಿಯ ಸಂದಿಗೆ ಒಂದು ಕುಂಚ ಬರೆದ.

“ಈಗ ಸರಿಯಾಯಿತು” ಎಂದ.

ಮತ್ತೆ ನಗು ಎದ್ದಿತು. ಈ ಸಲ ಅವನೂ ನಕ್ಕ. ಪಟೇಲ ಬಂದು ಬೆನ್ನು ತಟ್ಟಿದ.

ಚಿತ್ರಗಾರ ಬರಿಯ ಹಗ್ಗ ಹೊತ್ತು ಮನೆಗೆ ಬಂದ. ಹೆಂಡತಿ ಬಾಗಿಲಲ್ಲೇ ಇದ್ದಳು.

“ಎಮ್ಮೆ ಎಲ್ಲಿ?”

“ಎಮ್ಮೆ ಬರಲಿಲ್ಲ. ಕತ್ತೆ ಬಂದಿದೆ.”

ಅವಳಿಗೆ ನಗು ಬರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರುಳಯ್ಯ, “ಅಷ್ಟು ದುಡಿದನಲ್ಲ ಬುದ್ಧಿ, ಕೊನೆಗೆ ಅವನಿಗೆ ಸಂದದ್ದೇನು?” ಎಂದು ಕೇಳಿದ.

ಗುರುಗಳು ಅಡುಗೆಮನೆಯ ಕಡೆ ಒಮ್ಮೆ ನೋಡಿ ಹೇಳಿದರು: “ಮರುದಿನ ಹಾಲಿನವಳು ಅಳೆದುಕೊಟ್ಟು ಹೋದ ಮೇಲೆ ಹೆಂಡತಿ ಪಾತ್ರೆಯನ್ನು ಬಗ್ಗಿಸಿದಳು, ತಳ ಕಾಣಲಿಲ್ಲ.”